ಅಶೋಕ ಚಕ್ರದ ಸುತ್ತ ಬ್ರಿಟಿಷ್ ದೊರೆಯ ಹೆಸರೇಕೆ?

ಪ್ರಶ್ನೆ: ಸೈನ್ಯದಲ್ಲಿದ್ದ ನಮ್ಮ ತಾತನ ಪೆಟ್ಟಿಗೆಯಲ್ಲಿ ಕೇಸರಿ, ಬಿಳಿ, ಹಸಿರು ಪಟ್ಟಿಯ ರಿಬ್ಬನ್ನಿನ ದುಂಡನೆಯ ಪದಕವೊಂದು ಸಿಕ್ಕಿದೆ. ಒಂದು ಬದಿಯಲ್ಲಿ ಅಶೋಕನ ಸಿಂಹಗಳೂ 15 ಆಗಸ್ಟ್ 1947 ಎಂಬ ದಿನಾಂಕವೂ ಇವೆ. ಇನ್ನೊಂದು ಬದಿಯಲ್ಲಿ ಅಶೋಕ ಚಕ್ರವಿದ್ದು, ಅದರ ಮೇಲೆ ಕಿರೀಟ, ಸುತ್ತಲೂ ಆರನೇ ಜಾರ್ಜ್ ದೊರೆಯ ಹೆಸರಿದೆ. ಇದು ನಕಲಿಯೇ? ಶೌರ್ಯ ಪದಕವೇ? ಹೊಳಪು ಬರುವಂತೆ ಉಜ್ಜಿಸಬಹುದೇ?

ಉತ್ತರ: ನಿಮ್ಮ ವರ್ಣನೆಯು 1947ರ ಭಾರತ ಸ್ವಾತಂತ್ರ್ಯ ಪದಕಕ್ಕೆ ಸರಿಯಾಗಿ ಹೊಂದುತ್ತದೆ, ದೊರೆಯ ಹೆಸರು ಇರುವುದರಿಂದಲೇ ಅದನ್ನು ನಕಲಿ ಎನ್ನಲಾಗದು. 1947ರ ಆಗಸ್ಟ್ 15ರಿಂದ 1950ರ ಜನವರಿ 26ರಂದು ಗಣರಾಜ್ಯವಾಗುವವರೆಗೆ ಭಾರತವು ಸ್ವತಂತ್ರ ಡೊಮಿನಿಯನ್ ಆಗಿದ್ದು, ಆರನೇ ಜಾರ್ಜನೇ ಅದರ ವಿಧ್ಯುಕ್ತ ರಾಜನಾಗಿದ್ದನು. ಎರಡನೆಯ ಮಹಾಯುದ್ಧದ, ಕೆಂಪು, ನೀಲಿ, ಬಿಳಿ ರಿಬ್ಬನ್ನಿನ ವಾರ್ ಮೆಡಲ್ ಕೂಡ ಅದೇ ಪೆಟ್ಟಿಗೆಯಲ್ಲಿದ್ದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಯುದ್ಧ ಪದಕದ ಲ್ಯಾಟಿನ್ ಬರಹದಲ್ಲಿ ಜಾರ್ಜನು ‘ಇಂಡಿಯೇ ಇಂಪ್’, ಅಂದರೆ ಭಾರತದ ಚಕ್ರವರ್ತಿ. ಸ್ವಾತಂತ್ರ್ಯ ಪದಕದ ಬರಹದಲ್ಲಿ ಆ ಬಿರುದು ಇಲ್ಲ, ಬರಿಯ ‘ರೆಕ್ಸ್’, ಅಂದರೆ ರಾಜ. ಸಾಮ್ರಾಜ್ಯವೊಂದು ಮುಗಿದುದನ್ನು ಇಷ್ಟು ಸದ್ದಿಲ್ಲದೆ ದಾಖಲಿಸಿದ ಪದಕ ನನ್ನ ಕಣ್ಣಿಗೆ ಬಿದ್ದದ್ದು ಅಪರೂಪ.

ಇದು ಶೌರ್ಯ ಪದಕವಲ್ಲ. ಸ್ವಾತಂತ್ರ್ಯ ಬಂದಾಗ ಸೇವೆಯಲ್ಲಿದ್ದವರಿಗೆ, ರಣರಂಗ ಕಂಡವರು ಕಾಣದವರು ಎಂಬ ಭೇದವಿಲ್ಲದೆ ನೀಡಿದ ಸ್ಮಾರಕ ಪದಕ. ಭಾರತದೊಂದಿಗೆ ಸೇರಿದ ಸಂಸ್ಥಾನಗಳ ಪಡೆಗಳಿಗೂ ಇದು ಸಂದಿತ್ತಾದ್ದರಿಂದ, ತಾತ ಮೈಸೂರು ಸಂಸ್ಥಾನದ ಸೈನಿಕರಾಗಿದ್ದರೂ ಇದು ಅವರ ಬಳಿ ಇರುವುದು ಸಹಜವೇ. ಪಾಕಿಸ್ತಾನವೂ ಇಂಥದೇ ಪದಕವನ್ನು ಹೊರಡಿಸಿತು. ಅದರ ರಿಬ್ಬನ್ ಕಡುಹಸಿರು, ನಡುವೆ ಬಿಳಿಯ ಪಟ್ಟಿ.

ಉಜ್ಜಿಸುವ ವಿಚಾರದಲ್ಲಿ ಮಾತ್ರ ದಯವಿಟ್ಟು ಅವಸರ ಮಾಡಬೇಡಿ. ಪದಕ ಬೆಳ್ಳಿಯದಲ್ಲ, ತಾಮ್ರ ಮತ್ತು ನಿಕ್ಕಲ್ ಮಿಶ್ರಲೋಹದ್ದು. ಎಷ್ಟು ತಿಕ್ಕಿದರೂ ಅದು ಬೆಳ್ಳಿಯಾಗದು. ಅದಕ್ಕಿಂತ ಮುಖ್ಯವಾಗಿ, ಪದಕದ ದಪ್ಪ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ಅಲ್ಲಿ ಸಾಮಾನ್ಯವಾಗಿ ಪಡೆದವರ ಸೇನಾ ಸಂಖ್ಯೆ, ಹುದ್ದೆ, ಹೆಸರು ಮತ್ತು ದಳವನ್ನು ಸಣ್ಣ ಅಕ್ಷರಗಳಲ್ಲಿ ಅಚ್ಚೊತ್ತಿರುತ್ತಾರೆ. ಪಾಲಿಶ್‌ನಿಂದ ಮೊದಲು ಸವೆಯುವುದು ಈ ಅಕ್ಷರಗಳೇ. ಆ ಸಾಲನ್ನು ಈಗಲೇ ಬರೆದಿಟ್ಟುಕೊಂಡು, ಛಾಯಾಚಿತ್ರ ತೆಗೆದು, ಸೇವಾ ದಾಖಲೆಯೊಂದಿಗೆ ಹೋಲಿಸಿ ನೋಡಿ. ಒಣಗಿದ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ರಿಬ್ಬನ್ ಎಷ್ಟೇ ಮಾಸಿದ್ದರೂ ಒಗೆಯದೆ, ಬಿಸಿಲಿಗೆ ತಾಕದಂತೆ ಇಡಿ.