ಒಂದೇ ಮೆಸೇಜನ್ನು ಎಲ್ಲ ಗೆಳತಿಯರಿಗೂ ಕಳಿಸಬೇಡಿ

ನಿಮಗೆ ನಾಲ್ವರು ಆಪ್ತ ಗೆಳತಿಯರು. ಅವರಿಂದ ನಿಮ್ಮ ಬದುಕು ಎಷ್ಟು ತುಂಬಿದೆ ಅಂತ ಅವರಿಗೆ ಹೇಳಬೇಕು. ಎಲ್ಲರಿಗೂ ಒಂದೇ ಥರದ ಉಡುಗೊರೆ ಕೊಡಲೇ, ಇಲ್ಲ ಎಲ್ಲರಿಗೂ ಹೊಂದುವಂಥ ಒಂದು ಒಳ್ಳೆ ಪತ್ರ ಬರೆದು ಕಳಿಸಲೇ ಅಂತ ಕೇಳಿದ್ದೀರಿ. ಎರಡೂ ಬೇಡ. ಎರಡನೆಯದಂತೂ ಖಂಡಿತ ಬೇಡ. ನಾನು ಅದನ್ನೇ ಮಾಡಿ ಒಬ್ಬಳನ್ನು ಹೆಚ್ಚುಕಡಿಮೆ ಕಳೆದುಕೊಂಡೆ.

ನನಗಿದ್ದವರು ಮೂವರು. ಹೆಸರು ಹೇಳುವುದಿಲ್ಲ, ಅವರಲ್ಲಿ ಯಾರಾದರೂ ಇದನ್ನು ಓದಿದರೂ ಓದಬಹುದು. ಒಬ್ಬಳು ಕಾಲೇಜಿನಿಂದ ಜೊತೆಗಿರುವವಳು, ಬಾಯಿ ತೆಗೆದರೆ ಬೈಗುಳ. ಉಸಿರು ಕಟ್ಟಿಸುತ್ತಿದ್ದ ಒಂದು ಕೆಲಸ ಬಿಡಲು ನಾನು ಮೀನಮೇಷ ಎಣಿಸುತ್ತಿದ್ದಾಗ, ಪಕ್ಕದಲ್ಲೇ ಕೂತು ರಾಜೀನಾಮೆ ಪತ್ರ ಟೈಪ್ ಮಾಡಿಸಿ, ಕಳಿಸುವವರೆಗೂ ಏಳಲಿಲ್ಲ. ಇನ್ನೊಬ್ಬಳು ದೂರದಲ್ಲಿದ್ದಾಳೆ. ಅಪರೂಪಕ್ಕೆ ಸಿಗುತ್ತಾಳೆ. ಆದರೆ ಫೋನಿನಲ್ಲಿ ನನ್ನ ಹಲೋ ಕೇಳಿಯೇ ಏನೋ ಸರಿಯಿಲ್ಲ ಅಂತ ಹಿಡಿದುಬಿಡುತ್ತಾಳೆ. ಈ ಉತ್ತರ ಪೂರ್ತಿ ಮೂರನೆಯವಳ ಬಗ್ಗೆ.

ನನ್ನಮ್ಮ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಪಾಳಿ ಅವಳದು. ಬಾ ಅಂತ ಯಾರೂ ಕರೆದಿರಲಿಲ್ಲ. ಆಫೀಸು ಮುಗಿಸಿ ನೇರ ಬರುತ್ತಿದ್ದಳು, ನನ್ನ ಕೈಯಿಂದ ಔಷಧಿ ಚೀಟಿ ಕಸಿದುಕೊಂಡು 'ಹೋಗು, ಮಲಗು' ಅನ್ನುತ್ತಿದ್ದಳು. ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದಳು. ಯಾವ ಮಾತ್ರೆ ಎಷ್ಟು ಹೊತ್ತಿಗೆ ಕೊಟ್ಟಿದ್ದು, ಜ್ವರ ಎಷ್ಟಿತ್ತು, ನರ್ಸ್ ಏನು ಹೇಳಿ ಹೋದರು, ಎಲ್ಲ ಅದರಲ್ಲಿ. ಪುಟದ ಕೆಳಗೆ ನನಗಂತಲೇ ಒಂದು ಸಾಲು ಇರುತ್ತಿತ್ತು. 'ನಡುರಾತ್ರಿ ಎದ್ದು ನೀನೆಲ್ಲಿ ಅಂತ ಕೇಳಿದರು. ಮಲಗಿದ್ದಾಳೆ ಅಂದೆ. ಸದ್ಯ, ಮಲಗಲಿ ಅಂದರು.' ಬೆಳಿಗ್ಗೆ ನಾನು ಬಂದು ಮೊದಲು ಓದುತ್ತಿದ್ದದ್ದು ಆ ಸಾಲನ್ನೇ. ಜ್ವರದ ಲೆಕ್ಕ ಆಮೇಲೆ.

ಅಮ್ಮ ಗುಣವಾಗಿ ಮನೆಗೆ ಬಂದರು. ಅವಳಿಗೆ ಥ್ಯಾಂಕ್ಸ್ ಹೇಳಿದೆನಾ? ಅವಸರದಲ್ಲಿ, ಬಾಗಿಲಲ್ಲಿ ನಿಂತು, ಹೇಳಿರಬಹುದು. ಸರಿಯಾಗಿ ಹೇಳಬೇಕು ಅಂತ ಮನಸ್ಸಿತ್ತು. ಅದಕ್ಕೊಂದು ಒಳ್ಳೆ ಹೊತ್ತು ಬರಲಿ ಅಂತ ಕಾದೆ. ಜುಲೈ 30 ಬಂತು. ವಿಶ್ವಸಂಸ್ಥೆ 2011ರಲ್ಲಿ ಆ ದಿನವನ್ನು ಅಂತರರಾಷ್ಟ್ರೀಯ ಸ್ನೇಹ ದಿನ ಅಂತ ಸಾರಿದೆ. ಇದೇ ಸರಿಯಾದ ದಿನ ಅಂದುಕೊಂಡೆ.

ಇಲ್ಲಿಂದ ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ. ಎಡವಿದ್ದು ಎಲ್ಲಿ ಅಂತ ನಿಮಗೆ ಗೊತ್ತಾಗಬೇಕು.

ಹಿಂದಿನ ರಾತ್ರಿ ಕೂತು ಮೆಸೇಜ್ ಬರೆದೆ. ಕಾಟಾಚಾರಕ್ಕೆ ಬರೆದದ್ದಲ್ಲ, ಬರೆಯುತ್ತಾ ಅತ್ತಿದ್ದೆ ಕೂಡ. ಬರೆಯುವಾಗ ಮನಸ್ಸಿನಲ್ಲಿದ್ದವಳು ಇವಳೇ. ಆದರೆ ಬರೆದದ್ದೇನು? ಕಷ್ಟದಲ್ಲಿ ನನಗೆ ಹೆಗಲು ಕೊಟ್ಟೆ, ನೀನಿಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ, ನನ್ನ ಬದುಕಿಗೆ ಬೆಳಕಾದೆ, ನನಗೆ ಇಂಥ ಗೆಳತಿ ಸಿಕ್ಕಿದ್ದು ನನ್ನ ಪುಣ್ಯ. ನೋಟ್‌ಬುಕ್ಕಿನ ಸುದ್ದಿಯೇ ಇಲ್ಲ. ರಾತ್ರಿ ಪಾಳಿಯ ಸುದ್ದಿಯೂ ಇಲ್ಲ. ಅದೆಲ್ಲ ಅವಳಿಗೆ ಗೊತ್ತೇ ಇದೆಯಲ್ಲ, ನಾನು ಮತ್ತೆ ಯಾಕೆ ಹೇಳಬೇಕು ಅನ್ನಿಸಿತ್ತು. ಚೆಂದದ ಮಾತು ಬರೆದರೆ ಸಾಕು ಅನ್ನಿಸಿತ್ತು.

ಬೆಳಿಗ್ಗೆ ಓದಿ ನೋಡಿದೆ. ಚೆನ್ನಾಗಿದೆ ಅನ್ನಿಸಿತು. ಇವಳೊಬ್ಬಳಿಗೇ ಕಳಿಸಿದರೆ ಉಳಿದಿಬ್ಬರಿಗೆ ಬೇಜಾರಾಗುವುದಿಲ್ಲವೇ ಅಂತ ತಲೆಗೆ ಬಂತು. ಹೇಗೂ ಎಲ್ಲರಿಗೂ ಹೊಂದುವಂತಿತ್ತು. ಸರಿ, ಹೆಸರು ಬದಲಾಯಿಸಿ ಬೈಯುವವಳಿಗೆ ಮೊದಲು ಕಳಿಸಿದೆ. ಆಮೇಲೆ ದೂರದವಳಿಗೆ. ದೂರದವಳಿಗೆ ಕಳಿಸುವಾಗ ಕೊನೆಗೆ ಇನ್ನೂ ಚೆಂದದ ಒಂದು ಸಾಲು ಹೊಳೆಯಿತು, ಸೇರಿಸಿದೆ. ಆ ಸಾಲು ಇವಳಿಗೂ ಹೋಗಲಿ ಅಂತ, ಮೂಲದಲ್ಲಿ ಇವಳಿಗೆ ಅಂತ ಬರೆದಿದ್ದನ್ನು ಬಿಟ್ಟು, ದೂರದವಳಿಗೆ ಕಳಿಸಿದ್ದನ್ನೇ ಕಾಪಿ ಮಾಡಿದೆ. ಮೇಲಿನ ಹೆಸರು ಬದಲಾಯಿಸಿದೆ. ಮೂರನೇ ಪ್ಯಾರಾದ ನಡುವೆ ಇನ್ನೊಂದು ಕಡೆ ಹೆಸರಿತ್ತು. ಅದು ಕಣ್ಣಿಗೆ ಬೀಳಲಿಲ್ಲ. ಕಳಿಸಿಬಿಟ್ಟೆ.

ಅಂದರೆ, ಯಾರನ್ನು ನೆನೆದು ಬರೆದೆನೋ ಅವಳಿಗೆ ಅದು ಎಲ್ಲರಿಗಿಂತ ಕೊನೆಗೆ, ಇನ್ನೊಬ್ಬಳ ಹೆಸರು ಹೊತ್ತು ತಲುಪಿತು.

ಉತ್ತರ ಬೇಗನೇ ಬಂತು. ಒಂದು ನಗುವಿನ ಇಮೋಜಿ, ಕೆಳಗೆ 'ಮೂರನೇ ಪ್ಯಾರಾದಲ್ಲಿ ಹೆಸರು ತಪ್ಪಾಗಿದೆ ನೋಡು.' ಆಗಲಾದರೂ ಫೋನ್ ಮಾಡಬೇಕಿತ್ತು. ನಾನೇನು ಮಾಡಿದೆ ಗೊತ್ತಾ? 'ಅಯ್ಯೋ, ಟೈಪಿಂಗ್ ಮಿಸ್ಟೇಕು ಕಣೇ' ಅಂತ ಬರೆದು ಹತ್ತು ನಗುವಿನ ಮುಖ ಹಾಕಿದೆ. ಅವಳೇನು ಪೆದ್ದಿಯಾ? ಟೈಪ್ ಮಾಡುವಾಗ ಒಂದು ಅಕ್ಷರ ತಪ್ಪಬಹುದು. ಒಬ್ಬಳ ಹೆಸರಿನ ಜಾಗದಲ್ಲಿ ಇನ್ನೊಬ್ಬಳ ಹೆಸರು ಪೂರ್ತಿ ಬಂದು ಕೂರುವುದಿಲ್ಲ.

ಜಗಳ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ಸುಮ್ನೆ ಬರುವುದು ಕಮ್ಮಿಯಾಯಿತು. ಕರೆದರೆ ಕೆಲಸ ಇದೆ ಅನ್ನುತ್ತಿದ್ದಳು. ಅಮ್ಮನಿಗೆ ಮಾತ್ರ ಫೋನ್ ಮಾಡಿ ವಿಚಾರಿಸುತ್ತಿದ್ದಳು, ಅದು ಅಮ್ಮ ಹೇಳಿ ನನಗೆ ಗೊತ್ತಾಗುತ್ತಿತ್ತು. ತುಂಬ ದಿನ ಕಳೆದ ಮೇಲೆ ನಾನೇ ಅವಳ ಮನೆಗೆ ಹೋಗಿ ಕೇಳಿದೆ. ಹೆಸರು ತಪ್ಪಿದ್ದಕ್ಕೆ ಇಷ್ಟೊಂದು ಕೋಪಾನಾ ಅಂದೆ. ಅವಳು ಅಂದದ್ದು ಇಷ್ಟು: 'ತಪ್ಪಿದ್ದಕ್ಕಲ್ಲ ಕಣೇ. ಹೆಸರು ಸರಿಯಾಗಿದ್ದಿದ್ದರೂ ಅದು ಯಾರಿಗೆ ಬೇಕಾದರೂ ಹೊಂದುತ್ತಿತ್ತು. ಅದನ್ನು ಓದಿ, ನಾನು ಮಾಡಿದ್ದು ಯಾವುದೂ ನಿನಗೆ ನೆನಪಿಲ್ಲ ಅಂದುಕೊಂಡೆ.'

ನೆನಪಿಲ್ಲವಂತೆ! ಆ ನೋಟ್‌ಬುಕ್ ಇವತ್ತಿಗೂ ನನ್ನ ಕಪಾಟಿನಲ್ಲಿದೆ. ಅದು ಅವಳಿಗೆ ಗೊತ್ತಿರಲೇ ಇಲ್ಲ. ನಾನು ಹೇಳಿದ್ದರೆ ತಾನೇ ಗೊತ್ತಾಗುವುದು?

ಆಮೇಲೆ ನನ್ನ ಮೆಸೇಜನ್ನು ಮತ್ತೆ ತೆಗೆದು ಓದಿದೆ. ಎಲ್ಲ ಸಾಲಿನಲ್ಲೂ ನನಗೆ, ನನ್ನ, ನಾನು. ಅವಳು ಎಂಥವಳು ಅಂತ ಎಲ್ಲೂ ಇಲ್ಲ. ಸಾರಾ ಆಲ್ಗೋ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು 2016ರಲ್ಲಿ ಇದನ್ನೇ ಪರೀಕ್ಷಿಸಿದ್ದರು ಅಂತ ಆಮೇಲೆ ಓದಿದೆ. ಅವರು ನೋಡಿದ್ದು ಜೋಡಿಗಳನ್ನು, ಗೆಳತಿಯರನ್ನಲ್ಲ. ಸಂಗಾತಿಗೆ ಥ್ಯಾಂಕ್ಸ್ ಹೇಳುವಾಗ ಕೆಲವರು ತಮಗಾದ ಲಾಭವನ್ನು ಹೇಳುತ್ತಾರೆ, ಕೆಲವರು ಎದುರಿನವರ ಗುಣವನ್ನು ಹೊಗಳುತ್ತಾರೆ. ಕೇಳಿಸಿಕೊಂಡವರಿಗೆ ಹಿತವಾದದ್ದು ಎರಡನೆಯದು. ನನ್ನ ಮೆಸೇಜ್ ಪೂರ್ತಿ ಮೊದಲನೆಯ ಜಾತಿಯದು. 'ನಿನ್ನಿಂದ ನನಗೆ ನಿದ್ದೆ ಸಿಕ್ಕಿತು' ಅನ್ನುವುದಕ್ಕೂ, 'ಯಾರೂ ಕೇಳದಿದ್ದರೂ ರೋಗಿಯ ಮಗಳಿಗೂ ನಿದ್ದೆ ಬೇಕು ಅಂತ ಹೊಳೆಯಿತಲ್ಲ ನಿನಗೆ' ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಎರಡನೆಯ ಮಾತನ್ನು ಅವಳನ್ನು ಬಿಟ್ಟು ಬೇರೆ ಯಾರಿಗೂ ಕಳಿಸಲಾಗದು.

ಆಗ ಒಬ್ಬರು, ಹೋಗಲಿ ಬಿಡು, ಬೇರೆ ಗೆಳತಿಯರು ಸಿಗುತ್ತಾರೆ ಅಂದರು. ಸಿಗುತ್ತಾರೆ, ಎಲ್ಲಿಂದ? ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಲೆಕ್ಕ ಹಾಕಿದ್ದಾರೆ. ಪರಿಚಯದವರು ಸುಮಾರಾದ ಸ್ನೇಹಿತರಾಗಲು ಸುಮಾರು 50 ಗಂಟೆ ಜೊತೆಗೆ ಕಳೆಯಬೇಕು, ಸ್ನೇಹಿತರು ಅನ್ನಿಸಿಕೊಳ್ಳಲು 90, ಆಪ್ತರಾಗಲು 200ಕ್ಕಿಂತ ಜಾಸ್ತಿ. ದಿನಕ್ಕೊಂದು ಗಂಟೆ ಅಂತ ಹಿಡಿದರೂ ಆರು ತಿಂಗಳು ದಾಟುತ್ತದೆ. ಆಫೀಸಿನಲ್ಲಿ ಒಟ್ಟಿಗೆ ದುಡಿದ ಗಂಟೆಗಳು ಇದಕ್ಕೆ ಅಷ್ಟಾಗಿ ಸೇರುವುದಿಲ್ಲ, ಬಿಡುವಿನಲ್ಲಿ ಹರಟಿದ ಗಂಟೆಗಳೇ ಬೇಕು. ಕೆಲಸ, ಮನೆ, ವಯಸ್ಸಾದ ಅಮ್ಮ ಎಲ್ಲ ಇಟ್ಟುಕೊಂಡು ಈ ವಯಸ್ಸಿನಲ್ಲಿ ಅಷ್ಟು ಬಿಡುವಿನ ಗಂಟೆ ಎಲ್ಲಿಂದ ತರಲಿ? ಇದ್ದವಳನ್ನೇ ಉಳಿಸಿಕೊಳ್ಳುವುದು ಸುಲಭ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಉಡುಗೊರೆಯಾ ಪತ್ರವಾ ಅನ್ನುವುದೇ ತಪ್ಪು ಪ್ರಶ್ನೆ ಅಂತ ನನ್ನ ಅಭಿಪ್ರಾಯ. ನಾಲ್ವರನ್ನೂ 'ಗೆಳತಿಯರು' ಅಂತ ಒಂದೇ ಗಂಟು ಕಟ್ಟಿದ್ದೀರಲ್ಲ, ಅಲ್ಲೇ ತಪ್ಪಿದ್ದು. ಒಬ್ಬಳಿಗೆ ಜಾಸ್ತಿ, ಒಬ್ಬಳಿಗೆ ಕಮ್ಮಿ ಆಗಬಾರದು ಅಂತ ಬರೆದಿದ್ದೀರಿ. ಯಾಕೆ ಆಗಬಾರದು? ನೀವೇನು ಆಸ್ತಿ ಪಾಲು ಮಾಡುತ್ತಿದ್ದೀರಾ? ನಾಲ್ವರೂ ಮಾಡಿದ್ದು ಬೇರೆ ಬೇರೆ. ಒಬ್ಬಳಿಗೆ ಹೇಳಲು ಒಂದು ಪುಟ ಇರಬಹುದು, ಇನ್ನೊಬ್ಬಳಿಗೆ ಎರಡೇ ಸಾಲು. ಆ ಎರಡು ಸಾಲು ಅವಳದೇ ಆಗಿದ್ದರೆ ಸಾಕು.

ಉಡುಗೊರೆ ಕೆಟ್ಟದ್ದು ಅಂತ ನಾನೇನೂ ಹೇಳುತ್ತಿಲ್ಲ. ಆದರೆ ಮಾತು ತೋಚದೇ ಇದ್ದಾಗಲೇ ನಾವು ಜಾಸ್ತಿ ಉಡುಗೊರೆ ಹುಡುಕುವುದು, ಅಲ್ವಾ? ಮೊದಲು ಮಾತು ಸಿಗಲಿ. ಆಮೇಲೆ ಬೇಕಿದ್ದರೆ ಪೊಟ್ಟಣ ಕಟ್ಟಿ.

ಮಾತು ಸಿಗುವುದು ಹೇಗೆ? ನಾನು ಮಾಡುವುದು ಇಷ್ಟೇ. ಅವಳು ಮಾಡಿದ ಒಂದು ಕೆಲಸವನ್ನು ಹಿಡಿದುಕೊಳ್ಳುತ್ತೇನೆ, ಅವಳೇ ಮರೆತಿರಬಹುದಾದದ್ದಾದರೆ ಇನ್ನೂ ಒಳ್ಳೆಯದು. ಅದು ಯಾವಾಗ, ಎಲ್ಲಿ, ಅವಳು ಏನಂದಳು, ಅದನ್ನು ನಾನು ಈಗಲೂ ಹೇಗೆ ಇಟ್ಟುಕೊಂಡಿದ್ದೇನೆ ಅಂತ ಹೇಳುತ್ತೇನೆ. ಬೈಯುವವಳಿಗೆ ರಾಜೀನಾಮೆ ಪತ್ರದ ಸಂಗತಿ ಹೇಳಿದೆ. ನಾಲ್ಕು ಬೈಗುಳ ಬಂತು, ಆದರೆ ಫೋನ್ ಇಡುವ ಹೊತ್ತಿಗೆ ಗಂಟಲು ಕಟ್ಟಿತ್ತು ಅವಳಿಗೆ.

ನಾಟಕ ಅನ್ನಿಸಬಹುದು, ಮುಜುಗರ ಆಗಬಹುದು ಅಂತ ಹೆದರಿದ್ದೀರಿ. ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಂದ ಕೃತಜ್ಞತೆಯ ಪತ್ರ ಬರೆಸಿದರು. ಓದುವವರಿಗೆ ಹೇಗನ್ನಿಸಬಹುದು ಅಂತ ಬರೆದವರನ್ನು ಕೇಳಿದರು, ಓದಿದ ಮೇಲೆ ಹೇಗನ್ನಿಸಿತು ಅಂತ ಪಡೆದವರನ್ನು ಕೇಳಿದರು. ಬರೆದವರು ಊಹಿಸಿದ್ದಕ್ಕಿಂತ ಪಡೆದವರಿಗೆ ಖುಷಿ ಜಾಸ್ತಿ, ಮುಜುಗರ ಕಮ್ಮಿ. ಬರೆದವರು ನನ್ನ ಭಾಷೆ ಸರಿ ಇದೆಯೋ ಇಲ್ಲವೋ ಅಂತ ಚಿಂತೆ ಮಾಡುತ್ತಾರೆ, ಓದುವವರು ನೋಡುವುದು ಅದರ ಹಿಂದಿನ ಮನಸ್ಸನ್ನು. ನಾನು ಚೆಂದದ ಸಾಲಿನ ಬೆನ್ನು ಹತ್ತಿ ಹೋಗಿದ್ದೂ ಇದೇ ಚಿಂತೆಯಿಂದ. ಆ ಸಾಲಿನ ಆಸೆಗೇ ತಾನೇ ತಪ್ಪು ಮೆಸೇಜನ್ನು ಕಾಪಿ ಮಾಡಿದ್ದು.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಬರೀ ಅವರು ನಿಮ್ಮ ಕಷ್ಟಕ್ಕೆ ಆದದ್ದೇ ಇದೆ. ಅವರ ಸಂತೋಷಕ್ಕೆ ನೀವು ಹೇಗಿದ್ದಿರಿ? ಶೆಲ್ಲಿ ಗೇಬಲ್ ಮತ್ತು ಜೊತೆಗಾರರು 2006ರ ಅಧ್ಯಯನದಲ್ಲಿ, ಅದೂ ಜೋಡಿಗಳದೇ, ಸಂಗಾತಿ ತಂದ ಒಳ್ಳೆ ಸುದ್ದಿಗೆ ನಾವು ಹೇಗೆ ಸ್ಪಂದಿಸುತ್ತೇವೆ ಅನ್ನುವುದಕ್ಕೆ ಸಂಬಂಧದಲ್ಲಿ ದೊಡ್ಡ ಬೆಲೆ ಇದೆ ಅಂತ ಕಂಡರು. ಅಮ್ಮ ಆಸ್ಪತ್ರೆಯಲ್ಲಿದ್ದ ದಿನಗಳಲ್ಲೇ ಇವಳಿಗೆ ಬಡ್ತಿ ಸಿಕ್ಕಿತ್ತು. ಹೇಳಿದಳು. 'ಹೌದಾ, ಒಳ್ಳೇದಾಯ್ತು, ಡಾಕ್ಟರ್ ಬಂದಿದ್ರಾ?' ಅಂದಿದ್ದೆ. ಆಗಿನ ಪರಿಸ್ಥಿತಿ ಹಾಗಿತ್ತು, ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಆದರೆ ಮುಗಿದ ಮೇಲಾದರೂ, ಆ ಬಡ್ತಿ ಏನಾಯಿತು, ಹೊಸ ಕೆಲಸ ಹೇಗಿದೆ ಅಂತ ಕೇಳಬಹುದಿತ್ತು. ಕಷ್ಟಕ್ಕೆ ಆದವಳನ್ನು ಬರೀ ಕಷ್ಟಕ್ಕೆ ಅಂತಲೇ ಇಟ್ಟುಕೊಂಡರೆ ಅವಳಿಗೂ ಸಾಕಾಗುತ್ತದೆ.

ಅವಳ ಮನೆಯಿಂದ ಬಂದ ಮೇಲೆ ಕಾಗದದಲ್ಲಿ ಬರೆದೆ. ನೋಟ್‌ಬುಕ್ಕಿನಿಂದ ಒಂದೊಂದೇ ಸಾಲು ನೋಡಿ, ಅದನ್ನು ಓದಿದ ಬೆಳಿಗ್ಗೆ ನನಗೆ ಏನನ್ನಿಸಿತ್ತು, ಅವಳ ಬಗ್ಗೆ ಏನು ಗೊತ್ತಾಯಿತು ಅಂತ. ವಾಕ್ಯಗಳು ಅಷ್ಟೇನೂ ಚೆನ್ನಾಗಿರಲಿಲ್ಲ. ಕೈಯಲ್ಲೇ ಕೊಟ್ಟು ಬಂದೆ. ಎಲ್ಲ ಮೊದಲಿನಂತಾಯಿತಾ ಅಂದರೆ, ಇಲ್ಲ. ಕರೆಯದೇ ಬರುತ್ತಿದ್ದವಳು ಈಗ ಕರೆದರೆ ಬರುತ್ತಾಳೆ. ಸಿಕ್ಕಾಗ ನಗುತ್ತಾಳೆ, ಅಮ್ಮನ ಪಕ್ಕ ಕೂತು ಗಂಟೆಗಟ್ಟಲೆ ಹರಟುತ್ತಾಳೆ. ಅದಕ್ಕಿಂತ ಜಾಸ್ತಿ ಕೇಳುವ ಹಕ್ಕು ಸದ್ಯ ನನಗಿಲ್ಲ.

ಹಾಗಾಗಿ ನಾಲ್ವರಿಗೂ ಅಂತ ಇಟ್ಟುಕೊಂಡ ಆ ಒಂದು ದಿನ ಕಾಯಬೇಡಿ. ಈ ವಾರ ಒಬ್ಬಳು ಸಾಕು. ಯಾರಿಗೆ ಏನು ಹೇಳಬೇಕು ಅಂತ ಬೇಗ ಹೊಳೆಯುತ್ತದೋ ಅವಳನ್ನು ಬಿಡಿ, ಅವಳಿಗೆ ನೀವು ಆಗಾಗ ಹೇಳಿಯೇ ಇರುತ್ತೀರಿ. 'ಇವಳಿಗೆ ಗೊತ್ತೇ ಇದೆ' ಅಂತ ಯಾರ ಬಗ್ಗೆ ಅನ್ನಿಸುತ್ತದೋ ಅವಳಿಂದ ಶುರು ಮಾಡಿ. ಬರೆಯಲು ಬಾರದಿದ್ದರೆ ಫೋನ್ ಮಾಡಿ. ಒಂದೇ ಎಚ್ಚರಿಕೆ: ಹಬ್ಬವಿಲ್ಲ, ಹುಟ್ಟುಹಬ್ಬವಿಲ್ಲ, ಇದ್ದಕ್ಕಿದ್ದಂತೆ ಫೋನ್ ಮಾಡಿ ಇಂಥ ಮಾತು ಶುರು ಮಾಡಿದರೆ ಅವಳು ಗಾಬರಿಯಾಗುತ್ತಾಳೆ. ದೂರದವಳು ನನ್ನನ್ನು ಮೊದಲು ಕೇಳಿದ್ದೇ 'ಏನಾಯ್ತೇ, ರಿಪೋರ್ಟ್ ಏನಾದರೂ ಬಂತಾ?' ಅಂತ. ನಾನು ಚೆನ್ನಾಗಿದ್ದೇನೆ, ಏನೂ ಆಗಿಲ್ಲ ಅಂತ ಮೊದಲು ಹೇಳಿಬಿಡಿ. ಆಮೇಲೆ ಮಾತು ಶುರು ಮಾಡಿ.