ನಾಲ್ಕು ಓಟಿಗೆ ಗೆದ್ದದ್ದು ಗೆಲುವೇ?

ಪ್ರಶ್ನೆ: ಸರ್, ನಾವು ಒಂಬತ್ತು ಜನ ಬಿಡುವಿನಲ್ಲಿ ಸೇರಿ, ಕನ್ನಡದಲ್ಲಿ ಕಾಗುಣಿತದ ತಪ್ಪು ಹಿಡಿಯುವ ತಂತ್ರಾಂಶಕ್ಕೆ ಪದಪಟ್ಟಿ ಮಾಡುತ್ತಿದ್ದೇವೆ. ‘ರ‍್ಯಾಂಕ್’ ಥರದ ಪದಗಳನ್ನು ಹೇಗೆ ಇಡಬೇಕು ಅಂತ ಜಗಳ ಬಂತು. ಝೀರೋ ವಿಡ್ತ್ ಜಾಯ್ನರ್ ಎಂಬ ಕಾಣದ ಗುರುತು ಹಾಕಿ ‘ರ’ ಪೂರ್ತಿ ಕಾಣುವ ಹಾಗೆ ಇಡುವುದು ಒಂದು, ಅದಿಲ್ಲದೆ ಅರ್ಕಾವತ್ತಿನಲ್ಲಿ ‘ರ್ಯಾಂಕ್’ ಅಂತ ಇಡುವುದು ಇನ್ನೊಂದು, ಎರಡನ್ನೂ ಇಟ್ಟುಕೊಳ್ಳುವುದು ಮತ್ತೊಂದು. ವಾಟ್ಸಾಪ್‌ನಲ್ಲಿ ಪೋಲ್ ಹಾಕಿದೆವು. 4, 3, 2 ಬಂತು. ಮೊದಲನೆಯದೇ ತೀರ್ಮಾನ ಅಂದೆವು. ಮರುದಿನ ಇಬ್ಬರು ಗುಂಪು ಬಿಟ್ಟರು. ಓಟು ಹಾಕಿಸಿದ್ದೇ ತಪ್ಪಾಯಿತಾ?
– ಓದುಗರು, ಮೈಸೂರು

ಉತ್ತರ: ಓಟು ತಪ್ಪಲ್ಲ. ಅದನ್ನೇ ಕೊನೆ ಮಾತು ಅಂದುಕೊಂಡದ್ದು ತಪ್ಪು.

ನಿಮ್ಮ ಲೆಕ್ಕವನ್ನೇ ಇನ್ನೊಮ್ಮೆ ನೋಡಿ. ಗೆದ್ದದ್ದಕ್ಕೆ 4 ಓಟು. ಅಂದರೆ ಐದು ಜನ ಬೇರೆ ಏನನ್ನೋ ಕೇಳಿದ್ದರು. ಈಗ ಅರ್ಕಾವತ್ತಿನ ಮೂವರನ್ನು ‘ನಿಮ್ಮದು ಆಗದಿದ್ದರೆ ಯಾವುದು ಪರವಾಗಿಲ್ಲ?’ ಅಂತ ಕೇಳಿದಾಗ ‘ಎರಡೂ ಇರಲಿ’ ಅಂದರು ಅನ್ನಿ. ಜಾಯ್ನರ್ ಕಡೆಯ ನಾಲ್ವರೂ ಹಾಗೇ ಅಂದರು ಅನ್ನಿ. ಆಗ ‘ಎರಡೂ ಇರಲಿ’ ಅನ್ನುವುದು ಮೊದಲನೆಯದನ್ನು 5–4ರಿಂದ ಸೋಲಿಸುತ್ತದೆ, ಎರಡನೆಯದನ್ನು 6–3ರಿಂದ ಸೋಲಿಸುತ್ತದೆ. ನಿಮ್ಮ ಪೋಲ್‌ನಲ್ಲಿ ಕಡೆಗೆ ಬಂದದ್ದೇ ಜಾಸ್ತಿ ಜನಕ್ಕೆ ಒಪ್ಪಿಗೆಯಾಗುವ ದಾರಿ ಆಗಿರಬಹುದು! ಒಬ್ಬರಿಗೆ ಒಂದೇ ಓಟು ಅಂದಾಗ ಇದು ಕಾಣಿಸುವುದೇ ಇಲ್ಲ.

ಅದಕ್ಕೇ ಕಂಪ್ಯೂಟರ್ ನಡೆಸುವ ಉಚಿತ ತಂತ್ರಾಂಶವನ್ನು ಸ್ವಯಂಸೇವಕರೇ ಸೇರಿ ಮಾಡುವ ಡೆಬಿಯನ್‌ನವರು ಎಲ್ಲ ಆಯ್ಕೆಗಳಿಗೂ 1, 2, 3 ಅಂತ ಸರದಿ ಹಾಕಿಸಿ, ಎರಡೆರಡನ್ನು ಎದುರುಬದುರು ನಿಲ್ಲಿಸಿ ಎಣಿಸುತ್ತಾರೆ. ಕಾಂಡೋರ್ಸೆ ಪದ್ಧತಿ ಅಂತ ಇದಕ್ಕೆ ಹೆಸರು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಳಗ 2018ರ ಡಿಸೆಂಬರ್‌ನಲ್ಲಿ ತನ್ನ ಆಡಳಿತ ಹೇಗಿರಬೇಕು ಅಂತ ಏಳು ಪ್ರಸ್ತಾವಗಳಲ್ಲಿ ಒಂದನ್ನು ಆರಿಸಿದ್ದೂ ಹೀಗೆಯೇ. ಅವರು ಬಳಸಿದ ಸಿಐವಿಎಸ್ ಎಂಬ ಉಪಕರಣ ಕಾರ್ನೆಲ್ ವಿಶ್ವವಿದ್ಯಾಲಯದ್ದು, ದುಡ್ಡು ಕೊಡಬೇಕಾಗಿಲ್ಲ. ಒಬ್ಬೊಬ್ಬರಿಗೂ ಇಮೇಲಿನಲ್ಲಿ ಅವರದೇ ಲಿಂಕ್ ಹೋಗುತ್ತದೆ.

ವಾಟ್ಸಾಪ್ ಪೋಲ್‌ನಲ್ಲಿ ನನಗೆ ಇಷ್ಟವಾಗದ್ದು ಇನ್ನೊಂದಿದೆ. ಯಾರು ಯಾವುದಕ್ಕೆ ಹಾಕಿದರು ಅಂತ ಎಲ್ಲರಿಗೂ ಆಗಲೇ ಕಾಣುತ್ತದೆ. ಗುಂಪಿನ ಹಿರಿಯರು ಬೆಳಿಗ್ಗೆಯೇ ಒತ್ತಿಬಿಟ್ಟರೆ, ಹೊಸದಾಗಿ ಸೇರಿದ ಹುಡುಗಿ ಅದಕ್ಕೆ ಎದುರು ಒತ್ತುತ್ತಾಳಾ? ಕಷ್ಟ ಅಲ್ವಾ.

ಆದರೆ ಉಪಕರಣಕ್ಕಿಂತ ಮುಂಚೆ ಮಾತು ಆಗಬೇಕು. ಇಂಟರ್ನೆಟ್ಟಿನ ನಿಯಮಗಳನ್ನು ಬರೆಯುವ ಐಇಟಿಎಫ್‌ನಲ್ಲಿ ತೀರ್ಮಾನಕ್ಕೆ ಓಟೇ ಇಲ್ಲ. ಸಭೆಯಲ್ಲಿ ‘ಒಪ್ಪುವವರು ಗುನುಗಿ’ ಅಂತಾರೆ, ಬಾಯಿ ಮುಚ್ಚಿಕೊಂಡೇ ಹೂಂ ಅಂತ ಗುನುಗುತ್ತಾರೆ, ಆಮೇಲೆ ಒಪ್ಪದವರ ಸರದಿ. ಅದು ಬರೀ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡುವುದಕ್ಕೆ. ಅವರ 2014ರ ಆರ್‌ಎಫ್‌ಸಿ 7282 ಎಂಬ ದಾಖಲೆಯಲ್ಲಿ, ನೂರು ಜನ ಪರ, ಐದು ಜನ ವಿರೋಧ ಇದ್ದರೂ ಒಮ್ಮತ ಆಗಿಲ್ಲದೆ ಇರಬಹುದು ಅಂತಲೇ ಇದೆ. ಆ ಐವರ ತಕರಾರಿಗೆ ಉತ್ತರ ಸಿಕ್ಕಿತಾ ಅನ್ನುವುದು ಮುಖ್ಯ. ಮುಕ್ತ ತಂತ್ರಾಂಶಗಳನ್ನು ಕಟ್ಟುವ ಅಪಾಚೆ ಸಂಸ್ಥೆಯಲ್ಲಿ ಕೋಡ್ ಬದಲಾವಣೆಗೆ ‘–1’ ಹಾಕಿ ತಡೆಯಬಹುದು, ಆದರೆ ತಾಂತ್ರಿಕ ಕಾರಣ ಬರೆಯಲೇಬೇಕು. ಸುಮ್ನೆ ಬೇಡ ಅಂದರೆ ಅದು ಲೆಕ್ಕಕ್ಕಿಲ್ಲ.

ನಿಮ್ಮಲ್ಲಿ ಆ ಕಾರಣ ಯಾರಾದರೂ ಕೇಳಿದರಾ? ಜಾಯ್ನರ್ ಕಣ್ಣಿಗೆ ಕಾಣದ ಅಕ್ಷರ. ಒಂದು ಬರಹವನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು. ಬಿಟ್ಟುಹೋದವರು ಇದನ್ನೇ ಹೇಳಲು ಹೊರಟಿದ್ದರೋ ಏನೋ. ಇವತ್ತೇ ಇಬ್ಬರಿಗೂ ಫೋನ್ ಮಾಡಿ, ಮೆಸೇಜ್ ಬೇಡ. ತಕರಾರನ್ನು ಅವರ ಮಾತಿನಲ್ಲೇ ಬರೆದುಕೊಡಿ ಅಂತ ಕೇಳಿ. ಅದನ್ನು ಎಲ್ಲರೂ ಓದಲಿ, ಮೂರು ದಿನ ಬಿಡಿ. ಆಮೇಲೂ ಬಗೆಹರಿಯದಿದ್ದರೆ ಸರದಿ ಓಟು ಹಾಕಿಸಿ, ‘ಇನ್ನೂ ಮಾತಾಡೋಣ’ ಅನ್ನುವುದನ್ನೂ ಒಂದು ಆಯ್ಕೆಯಾಗಿ ಇಡಿ.

ಪ್ರಶ್ನೆ: ಪೂರ್ತಿ ಗುಟ್ಟಿನ ಆನ್‌ಲೈನ್ ಓಟು ನಮ್ಮಂಥ ಸಣ್ಣ ತಾಂತ್ರಿಕ ಗುಂಪಿಗೂ ಬೇಕಾ?
– ಇನ್ನೊಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಪದಾಧಿಕಾರಿಗಳನ್ನು ಆರಿಸುವಾಗ ಬೇಕು. ಆದರೆ ಬೀಗ ಗಟ್ಟಿಯಾದಷ್ಟೂ ಕೀಲಿ ಜೋಪಾನ. ಗೂಢಲಿಪಿ ಸಂಶೋಧಕರ ಸಂಘವಾದ ಐಎಸಿಆರ್ 2025ರಲ್ಲಿ ಹೀಲಿಯೋಸ್ ಎಂಬ ಉಪಕರಣದಲ್ಲಿ ಚುನಾವಣೆ ನಡೆಸಿತು. ಫಲಿತಾಂಶ ತೆರೆಯಲು ಮೂವರ ಡಿಜಿಟಲ್ ಕೀಲಿಯೂ ಬೇಕಿತ್ತು, ಒಬ್ಬರ ಕೀಲಿ ಕಳೆದುಹೋಯಿತು. ಚುನಾವಣೆಯನ್ನೇ ಮತ್ತೆ ನಡೆಸಬೇಕಾಯಿತು. ಮೂವರಲ್ಲಿ ಇಬ್ಬರ ಕೀಲಿ ಇದ್ದರೆ ಸಾಕು ಅನ್ನುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ಪದಪಟ್ಟಿಯಂಥ ವಿಷಯಕ್ಕೆ ಇಷ್ಟೆಲ್ಲ ಬೇಡ.