ಎರಡಡಿ ಗೋಡೆ ಗಟ್ಟಿನಾ?

ಪ್ರಶ್ನೆ: ಸರ್, ನಮ್ಮದು ಚಿಂಚೋಳಿ ತಾಲ್ಲೂಕಿನ ಹಳ್ಳಿ. ಅಜ್ಜ ಕಟ್ಟಿಸಿದ ಮಣ್ಣಿನ ಮಾಳಿಗೆ ಮನೆ. 2021ರಲ್ಲಿ ಗಡಿಕೇಶ್ವರದ ಕಡೆ ಭೂಮಿ ಪದೇ ಪದೇ ಅದುರಿದಾಗ ನಾವೆಲ್ಲ ಅಂಗಳದಲ್ಲಿ ಮಲಗಿದೆವು. ಅಪ್ಪ ಮಾತ್ರ ಒಳಗೇ ಮಲಗಿದರು. ‘ಎರಡಡಿ ದಪ್ಪ ಕಲ್ಲಿನ ಗೋಡೆ, ಏನಾಗುತ್ತೆ?’ ಅನ್ನುತ್ತಾರೆ. ನಿಜವೇ?

ಉತ್ತರ: ಅಪ್ಪನವರಿಗೆ ಬೇಜಾರಾಗದಂತೆ ಹೇಳಿ: ಅದು ಒಂದು ಗೋಡೆಯಲ್ಲ, ಎರಡು. ಒಳಗೊಂದು ಸಾಲು ಕಲ್ಲು, ಹೊರಗೊಂದು ಸಾಲು, ನಡುವೆ ಚೂರುಕಲ್ಲು, ಮಣ್ಣು. ಅಲುಗಿದರೆ ಎರಡೂ ಬೇರೆಯಾಗುತ್ತವೆ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಇದೇ ಆಯಿತು. ಆಗ ನಾನು ಹೊಸ ಎಂಜಿನಿಯರ್, ನೋಡಲು ಹೋಗಿದ್ದೆ. ಒಂದು ಮನೆಯ ಹೊರಸಾಲು ಓಣಿಗೆ ಬಿದ್ದಿತ್ತು. ಒಳಸಾಲು ನಿಂತೇ ಇತ್ತು, ಗೂಡಿನಲ್ಲಿ ಚಿಮಣಿ ಬುಡ್ಡಿ ಸಮೇತ. ಅಂದಹಾಗೆ, ಆಗಿನ ಭೂಕಂಪ ನಕ್ಷೆಯಲ್ಲಿ ಆ ಊರು ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು!

ಮೊದಲು ಗೋಡೆಯ ಮೇಲಿಂದ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಡಿ. ನಡುವೆ ಹೊಟ್ಟೆ ಬಂದಿದೆಯಾ ನೋಡಿ. ಬಂದಿದ್ದರೆ ಸಾಲುಗಳು ಆಗಲೇ ಬಿಡುತ್ತಿವೆ. ಮೂಲೆಗಳಲ್ಲಿ ಉದ್ದ ಬಿರುಕಿದೆಯಾ? ಅಲ್ಲಿ ಸೇರುವ ಎರಡು ಗೋಡೆಗಳ ಹಿಡಿತ ತಪ್ಪಿದೆ ಅಂತ. ಆಮೇಲೆ, ಈಚೆಯಿಂದ ಆಚೆತನಕ ಹಾಯುವ ಉದ್ದ ಕಲ್ಲುಗಳಿವೆಯಾ ಹುಡುಕಿ. ಎತ್ತರದಲ್ಲಿ ಎರಡಡಿಗೊಂದು, ಅಡ್ಡಡ್ಡ ನಾಲ್ಕಡಿಗೊಂದಾದರೂ ಬೇಕು. ಹಳೇ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ.

ಈಗ ತಲೆ ಮೇಲೆ ನೋಡಿ. ಸೋರಿದಾಗಲೆಲ್ಲ ಮಾಳಿಗೆಗೆ ಮಣ್ಣು ಹಾಕಿ ಹಾಕಿ ಒಂದೂವರೆ ಅಡಿ ಆಗಿರುತ್ತದೆ ಅಲ್ವಾ? ಹತ್ತು-ಹನ್ನೆರಡು ಅಡಿಯ ಕೋಣೆಯ ಮೇಲೆ ಅದೇ ಸುಮಾರು 8 ಟನ್. ಭಾರ ಜಾಸ್ತಿಯಾದಷ್ಟೂ ಭೂಮಿ ಅದುರಿದಾಗ ಗೋಡೆಯನ್ನು ಪಕ್ಕಕ್ಕೆ ತಳ್ಳುವ ಬಲ ಜಾಸ್ತಿ. ಹಾಗಾಗಿ ಮೊದಲ ಖರ್ಚು ಇಲ್ಲೇ ಮಾಡಿ: ಮಣ್ಣು ತೆಗೆಸಿ, ಹಗುರ ಹೊದಿಕೆ ಹಾಕಿಸಿ.

ಗೋಡೆಗೆ ಉದ್ದ ಕಲ್ಲು ಈಗ ತೂರಿಸಲಾಗದು. ಬದಲಿಗೆ ಅಲ್ಲಲ್ಲಿ ಒಂದೆರಡು ಕಲ್ಲು ಬಿಡಿಸಿ, ಆರಪಾರ ತೂತು ಮಾಡಿ, ಎರಡೂ ತುದಿ ಬಗ್ಗಿಸಿದ ಸರಳಿಟ್ಟು ಕಾಂಕ್ರೀಟ್ ತುಂಬುತ್ತಾರೆ. ಸುತ್ತಿಗೆ ಏಟು ಬೇಡ, ಸಣ್ಣ ಸರಳಿನಿಂದ ಮಣ್ಣು ಕೆದಕಿ ಬಿಡಿಸಬೇಕು. ಮಾಳಿಗೆಯ ಕೆಳಗೆ ಮನೆ ಸುತ್ತ ಜಾಲರಿ-ಸಿಮೆಂಟಿನ ಪಟ್ಟಿ ಕಟ್ಟಿಸಿದರೆ ನಾಲ್ಕೂ ಗೋಡೆ ಒಟ್ಟಿಗೆ ಅಲುಗುತ್ತವೆ. ಇದನ್ನು ಬಲ್ಲ ಎಂಜಿನಿಯರ್ ಎದುರೇ ಮಾಡಿಸಿ.

ಅಲ್ಲಿತನಕ ಗೋಡೆ ಹೊಟ್ಟೆ ಬಂದ ಕಡೆಯಿಂದ ಅಪ್ಪನವರ ಮಂಚ ಆಚೆಗೆ ಹಾಕಿ.